ಕೋಶಕ್ಕಿಂತ ಮೊದಲು ಹಂದರ: ಗಡಿನಾಡಿನ ಮಕ್ಕಳ ಹಲ್ಲು ಮತ್ತು ದಂತಮಜ್ಜೆಯ ಪುನರುತ್ಪಾದನೆ

ಎಂಟು ವರ್ಷದ ಮಗು ಬಿದ್ದು ಮೇಲಿನ ಮುಂಬಲ್ಲು ಮುರಿದುಕೊಂಡಾಗ ಆ ಹಲ್ಲಿನ ಬೇರು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ; ಅದರ ತುದಿ ಮುಚ್ಚಿಕೊಳ್ಳುವುದು ಹತ್ತನೆಯ ವಯಸ್ಸಿನ ಸುಮಾರಿಗೆ. ಅಷ್ಟರೊಳಗೆ ಮಜ್ಜೆ ಸತ್ತರೆ ಬೇರಿನ ಗೋಡೆ ತೆಳುವಾಗಿಯೇ ನಿಲ್ಲುತ್ತದೆ. ತೆಲಂಗಾಣದ ಪಾಲಮೂರು ಸೀಮೆಯ ಮಕ್ತಲ್, ನಾರಾಯಣಪೇಟೆ, ಗದ್ವಾಲದ ಕುಟುಂಬಗಳಿಗೆ ಗಡಿಯಾಚೆಯ ರಾಯಚೂರಿನಲ್ಲಿ ದಂತವೈದ್ಯ ಕಾಲೇಜುಗಳಿವೆ. ಆದರೂ ನೋವು ಅಡಗಿದರೆ ಹಲ್ಲು ವಾಸಿಯಾಯಿತೆಂದೇ ಭಾವಿಸುವುದುಂಟು. ಕೀವು ಕಾಣಿಸಿಕೊಂಡ ಮೇಲೆ ವೈದ್ಯರ ಬಳಿಗೆ ಬರುವ ಇಂಥ ಹಲ್ಲಿಗೆ ಯಾವ ಆಕರಕೋಶವನ್ನು ತಂದು ತುಂಬಬೇಕು ಎಂಬುದಕ್ಕಿಂತ, ಬೇರಿನ ತುದಿಯಲ್ಲೇ ಇರುವ ಕೋಶಗಳು ಒಳಬಂದು ನೆಲೆಯೂರಲು ಎಂಥ ಹಂದರ ಬೇಕು ಎಂಬ ಪ್ರಶ್ನೆಯೇ ಮೊದಲಿನದು ಎಂಬುದು ಈ ಲೇಖನದ ವಾದ.

ದಂತಮಜ್ಜೆಯಲ್ಲಿ ಆಕರಕೋಶಗಳಿವೆ ಎಂದು ಸಂಶೋಧಕ ಗ್ರೊಂಥೋಸ್ ಮತ್ತು ಸಂಗಡಿಗರು 2000ರಲ್ಲಿ ತೋರಿಸಿದರು. ಹಾಲುಹಲ್ಲಿನಲ್ಲೂ ಇವೆ ಎಂಬುದು 2003ರಲ್ಲಿ ತಿಳಿಯಿತು. ಆದರೆ ರಕ್ತದ ಹೆಪ್ಪನ್ನೇ ಹಂದರವಾಗಿಸುವ ವಿಚಾರ ಇವೆರಡಕ್ಕಿಂತ ಹಳೆಯದು: ನಿಗಾರ್ಡ್ ಓಸ್ಟ್‌ಬಿ 1961ರಲ್ಲೇ ಅದನ್ನು ಪರೀಕ್ಷಿಸಿದ್ದರು. ಇಂದಿನ ಕ್ರಮದಲ್ಲಿ ಬೇರಿನ ನಾಳವನ್ನು ಶೇ 1.5ರ ಸೋಡಿಯಂ ಹೈಪೊಕ್ಲೋರೈಟ್‌ನಿಂದ ತೊಳೆದು ಔಷಧವಿಡುತ್ತಾರೆ. ದ್ರಾವಣ ಇದಕ್ಕಿಂತ ತೀಕ್ಷ್ಣವಾದಷ್ಟೂ ತುದಿಯ ಕೋಶಗಳಿಗೆ ಅಪಾಯ. ಕೆಲವು ವಾರಗಳ ನಂತರ ಶೇ 17ರ ಇಡಿಟಿಎ ದ್ರಾವಣ ಹಾಯಿಸಿದಾಗ ದಂತದ್ರವ್ಯದೊಳಗೆ ಹುದುಗಿದ್ದ ಬೆಳವಣಿಗೆಯ ಅಂಶಗಳು ಬಿಡುಗಡೆಯಾಗುತ್ತವೆ. ಆಮೇಲೆ ಫೈಲ್ ಎಂಬ ಸೂಜಿಯಂಥ ಉಪಕರಣವನ್ನು ಬೇರಿನ ತುದಿಯಿಂದ ತುಸು ಆಚೆಗೆ ಚುಚ್ಚಿದರೆ ರಕ್ತ ಮೇಲೇರಿ ಹೆಪ್ಪುಗಟ್ಟುತ್ತದೆ. ಅದರೊಂದಿಗೆ ಕೋಶಗಳೂ ಬರುತ್ತವೆ. ರಕ್ತ ಸಾಲದಿದ್ದರೆ ರೋಗಿಯ ತೋಳಿನ ರಕ್ತವನ್ನೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪಡೆದ ಫೈಬ್ರಿನ್ ಪೊರೆಯನ್ನು ಒಳಗಿಡಬಹುದು. ಕೋಶ ಬೆಳೆಸುವ ಪ್ರಯೋಗಾಲಯ ಇದಕ್ಕೆ ಬೇಡ.

ಚೀನಾದ ಷಿಯಾನ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಾದಕ್ಕೆ ಎದುರಾಗಿ ನಿಲ್ಲುತ್ತದೆ ಎನ್ನಬಹುದು. ಅಲ್ಲಿ 40 ರೋಗಿಗಳ ಪೈಕಿ 30 ಜನರಿಗೆ ಅವರದೇ ಹಾಲುಹಲ್ಲಿನ ಕೋಶಗಳನ್ನು ಪ್ರತ್ಯೇಕ ಹಂದರವಿಲ್ಲದೆ ನೆಟ್ಟರು. ರಕ್ತನಾಳವೂ ಸಂವೇದನೆಯೂ ಮರಳಿದವು. ಆದರೆ ಆ ಕೋಶಗಳನ್ನು ತಾವೇ ಸ್ರವಿಸಿದ ಮಾತೃಕೆಯೊಡನೆ ಮುದ್ದೆಯಾಗಿ ಬೆಳೆಸಿ ನೆಡಲಾಗಿತ್ತು. ಹೊರಗಿನ ಹಂದರ ಇರಲಿಲ್ಲ, ಅಷ್ಟೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ಹೆಪ್ಪಿನಿಂದ ಹುಟ್ಟುವುದು ನಿಜವಾದ ಮಜ್ಜೆಯಲ್ಲ, ಪ್ರಾಣಿಗಳಲ್ಲಿ ಕಂಡಂತೆ ಬಹುಪಾಲು ಸಿಮೆಂಟಮ್ (ಬೇರಿನ ಹೊರಪದರ) ಮತ್ತು ಮೂಳೆಯನ್ನು ಹೋಲುವ ಅಂಗಾಂಶ. ಇದನ್ನು ಒಪ್ಪಲೇಬೇಕು, ಪುನರುತ್ಪಾದನೆ ಎನ್ನುವುದಕ್ಕಿಂತ ದುರಸ್ತಿ ಎನ್ನುವುದೇ ಪ್ರಾಮಾಣಿಕ. ಆದರೂ ಸೋಂಕು ಇಳಿದು ಬೇರು ದಪ್ಪವಾಗುವುದಾದರೆ ಮಗುವಿಗೆ ಅದು ಸಣ್ಣ ಲಾಭವಲ್ಲ. ಹಳೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ, ದೀರ್ಘಕಾಲ ಉಳಿದರೆ ಬೇರನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಕೂಲಿಗಾಗಿ ಊರು ಬಿಟ್ಟು ಹೋಗುವ ಪಾಲಮೂರಿನ ಕುಟುಂಬಗಳಿಗೆ ಎರಡು ಭೇಟಿಯ ಕ್ರಮವೇ ಕಷ್ಟ, ಹತ್ತು ಭೇಟಿಯದ್ದು ಆಗದ ಮಾತು.

ಹಾಲುಹಲ್ಲನ್ನು ಬ್ಯಾಂಕಿನಲ್ಲಿಡಿ ಎಂಬ ಜಾಹೀರಾತುಗಳಿಗೆ ಇಲ್ಲಿ ಜಾಗವಿಲ್ಲ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೊಕ್ಕುಳಬಳ್ಳಿಯ ರಕ್ತದ ಬ್ಯಾಂಕನ್ನು ಮಾತ್ರ ಒಪ್ಪುತ್ತದೆ, ದಂತಮಜ್ಜೆಯದನ್ನಲ್ಲ. ಬೆಳೆಸಿದ ಕೋಶಗಳ ನಿಜವಾದ ಅಗತ್ಯವಿರುವುದು ತುದಿ ಮುಚ್ಚಿದ ವಯಸ್ಕರ ಹಲ್ಲಿನಲ್ಲಿ. ಜಪಾನಿನ ನಾಕಾಶಿಮಾ ತಂಡ 2017ರಲ್ಲಿ ಕೊಲ್ಲಾಜೆನ್ ಹಂದರದೊಡನೆ ಅದನ್ನು ಪ್ರಯತ್ನಿಸಿದ್ದು ಐವರಲ್ಲಿ ಮಾತ್ರ. ಹಾಗಾಗಿ ಸದ್ಯಕ್ಕೆ ವಯಸ್ಕರಿಗೆ ರೂಟ್ ಕೆನಾಲ್ ಚಿಕಿತ್ಸೆಯೇ ಸರಿ.