ಸರಳು ಬಿದ್ದ ಕಿಟಕಿ

ಪೀಟರ್ ಪ್ಯಾನ್ ಎಲ್ಲಿಂದ ಬಂದ ಎಂದು ಇದುವರೆಗೆ ಯಾರೂ ಹೇಳಿಯೇ ಇಲ್ಲವೇನೋ ಎಂಬಂತೆ 2015ರಲ್ಲಿ ಒಂದು ಸಿನಿಮಾ ಬಂತು. ಹೆಸರು ‘ಪ್ಯಾನ್’, ನಿರ್ದೇಶಕ ಜೋ ರೈಟ್. ಸುಮಾರು 15 ಕೋಟಿ ಡಾಲರ್ ಸುರಿದು ತೆಗೆದ ಚಿತ್ರ ಹಾಕಿದ ದುಡ್ಡನ್ನೂ ವಾಪಸು ತರದೆ ಮಕಾಡೆ ಮಲಗಿತು. ಹಾಗೆಂದು ಭಾನುವಾರ ಮಧ್ಯಾಹ್ನ ಮಕ್ಕಳ ಜೊತೆ ಕೂತು ನೋಡಲು ಅಡ್ಡಿಯೇನಿಲ್ಲ. ಲಂಡನ್ನಿನ ಮೇಲೆ ತೇಲುವ ಕಡಲ್ಗಳ್ಳರ ಹಡಗನ್ನು ಬ್ರಿಟಿಷ್ ಯುದ್ಧವಿಮಾನಗಳು ಅಟ್ಟಿಸಿಕೊಂಡು ಹೋಗುವ ದೃಶ್ಯವೊಂದೇ ಸಾಕು, ಹುಡುಗರು ಬಾಯಿಬಿಟ್ಟು ನೋಡುತ್ತಾರೆ.

ಕತೆ ಹೀಗಿದೆ. ತಾಯಿಯೊಬ್ಬಳು ಕೂಸನ್ನು ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಹೋಗುತ್ತಾಳೆ. ಹುಡುಗನಿಗೆ ಹನ್ನೆರಡಾಗುವ ಹೊತ್ತಿಗೆ ಎರಡನೇ ಮಹಾಯುದ್ಧದ ಬಾಂಬುಗಳು ಬೀಳುತ್ತಿವೆ. ಅನಾಥಾಲಯದವರು ಮಕ್ಕಳನ್ನು ಕಡಲ್ಗಳ್ಳರಿಗೆ ಮಾರುತ್ತಾರೆ, ಅವರು ಹೊತ್ತೊಯ್ದು ನೆವರ್‌ಲ್ಯಾಂಡಿನ ಗಣಿಗೆ ದೂಡುತ್ತಾರೆ. ಅಲ್ಲಿ ಬ್ಲ್ಯಾಕ್‌ಬಿಯರ್ಡ್ ಎಂಬ ದೊರೆ ಯೌವನ ಉಳಿಸಿಕೊಳ್ಳಲು ಕಿನ್ನರಿಯರ ಪುಡಿಯನ್ನು ಅಗೆಸುತ್ತಿದ್ದಾನೆ. ಎರಡೂ ಕೈ ನೆಟ್ಟಗಿರುವ ಹುಕ್ ಇನ್ನೂ ಪೀಟರನ ಗೆಳೆಯ. ಪೀಟರ್ ಯಾರೆಂದರೆ, ಕಿನ್ನರ ರಾಜಕುಮಾರನ ಮಗ, ಭವಿಷ್ಯವಾಣಿಯಲ್ಲಿ ಹೇಳಿದ ಹುಡುಗ. ತಾಯಿ ಅವನನ್ನು ಬಿಟ್ಟುಹೋದದ್ದು ಅವನನ್ನು ಕಾಪಾಡಲಿಕ್ಕೆ. ಕಡೆಯಲ್ಲಿ ಅವಳು ಬೆಳಕಿನ ರೂಪದಲ್ಲಿ ಬಂದು ಮಗನನ್ನು ನೋಡುತ್ತಾಳೆ.

ಈ ಹುಟ್ಟಿನ ಕತೆಯನ್ನು ಜೆ. ಎಂ. ಬ್ಯಾರಿ ಎಂದೋ ಬರೆದಿಟ್ಟಿದ್ದ. ಅದರಲ್ಲಿ ಭವಿಷ್ಯವಾಣಿಯೂ ಇಲ್ಲ, ರಾಜಕುಮಾರನೂ ಇಲ್ಲ. 1902ರ ‘ದಿ ಲಿಟಲ್ ವೈಟ್ ಬರ್ಡ್’ ದೊಡ್ಡವರಿಗೆಂದು ಬರೆದ ಕಾದಂಬರಿ. ಅದರ ನಡುವಿನ ಕೆಲವು ಅಧ್ಯಾಯಗಳಲ್ಲಿ ಪೀಟರ್ ಮೊದಲ ಸಲ ಕಾಣಿಸಿಕೊಳ್ಳುತ್ತಾನೆ. ಅವನ್ನಷ್ಟೇ ತೆಗೆದು 1906ರಲ್ಲಿ ‘ಪೀಟರ್ ಪ್ಯಾನ್ ಇನ್ ಕೆನ್ಸಿಂಗ್ಟನ್ ಗಾರ್ಡನ್ಸ್’ ಎಂದು ಬೇರೆ ಪುಸ್ತಕ ಮಾಡಿದರು. ಅಲ್ಲಿ ಮಕ್ಕಳೆಲ್ಲ ಹುಟ್ಟುವ ಮೊದಲು ಹಕ್ಕಿಗಳು. ಪೀಟರ್ ಏಳು ದಿನದ ಕೂಸು, ನಮ್ಮ ಕಡೆಯಾದರೆ ಇನ್ನೂ ಹೆಸರಿಟ್ಟು ತೊಟ್ಟಿಲಿಗೆ ಹಾಕಿರುವುದಿಲ್ಲ. ತಾನು ಮನುಷ್ಯನಾಗಿದ್ದೇನೆ ಎಂಬುದನ್ನೇ ಮರೆತು, ತೆರೆದ ಕಿಟಕಿಯಿಂದ ಹಾರಿ ಉದ್ಯಾನ ಸೇರುತ್ತಾನೆ. ಅಲ್ಲಿನ ಮುದಿ ಕಾಗೆ ಅವನನ್ನು ನೋಡಿ, ಇನ್ನು ನೀನು ಪೂರ್ತಿ ಹಕ್ಕಿಯೂ ಅಲ್ಲ, ಪೂರ್ತಿ ಮನುಷ್ಯನೂ ಅಲ್ಲ ಎಂದು ತೀರ್ಪು ಕೊಡುತ್ತದೆ.

ಮುಂದಿನ ಭಾಗವೇ ನಿಜವಾದ ಗಾಯ. ಪೀಟರ್ ಒಮ್ಮೆ ಮನೆಗೆ ಬರುತ್ತಾನೆ. ಕಿಟಕಿ ತೆರೆದಿದೆ, ಅಮ್ಮ ನಿದ್ದೆಯಲ್ಲಿದ್ದಾಳೆ. ಉಳಿದುಬಿಡೋಣ ಎನಿಸಿದರೂ ಉದ್ಯಾನದ ಗೆಳೆಯರಿಗೆ ಹೇಳಿ ಬರಬೇಕೆಂದು ಮತ್ತೆ ಹಾರುತ್ತಾನೆ. ಆಟದಲ್ಲಿ ದಿನಗಳು ಜಾರುತ್ತವೆ. ಎರಡನೇ ಸಲ ಬಂದಾಗ ಕಿಟಕಿಗೆ ಕಬ್ಬಿಣದ ಸರಳು. ಒಳಗೆ ಅಮ್ಮ ಇನ್ನೊಂದು ಕೂಸನ್ನು ತಬ್ಬಿಕೊಂಡು ಮಲಗಿದ್ದಾಳೆ.

ಇದನ್ನು ಬರೆದವನ ಬಾಲ್ಯದಲ್ಲೂ ಹೀಗೆ ಮುಚ್ಚಿದ ಕಿಟಕಿಯೊಂದಿತ್ತು. ಬ್ಯಾರಿ ಹುಟ್ಟಿದ್ದು 1860ರಲ್ಲಿ, ಸ್ಕಾಟ್ಲೆಂಡಿನ ಕಿರಿಮ್ಯೂರ್ ಎಂಬ ನೇಕಾರರ ಊರಿನಲ್ಲಿ. ಅವನಿಗೆ ಆರು ವರ್ಷವಿದ್ದಾಗ, 1867ರ ಜನವರಿಯಲ್ಲಿ, ಅಣ್ಣ ಡೇವಿಡ್ ಮಂಜುಗಡ್ಡೆಯ ಮೇಲೆ ಬಿದ್ದು ತಲೆಗೆ ಪೆಟ್ಟಾಗಿ ಸತ್ತ. ಮಾರನೆಯ ದಿನ ಅವನಿಗೆ ಹದಿನಾಲ್ಕು ತುಂಬುವುದಿತ್ತು. ತಾಯಿಗೆ ಅವನೆಂದರೆ ಪ್ರಾಣ, ಹಾಸಿಗೆ ಹಿಡಿದಳು. 1896ರಲ್ಲಿ ತಾಯಿಯ ಬಗ್ಗೆ ಬರೆದ ‘ಮಾರ್ಗರೆಟ್ ಓಗಿಲ್ವಿ’ ಪುಸ್ತಕದಲ್ಲಿ ಬ್ಯಾರಿ ಒಂದು ಸಂಗತಿ ಹೇಳುತ್ತಾನೆ. ಕತ್ತಲ ಕೋಣೆಗೆ ಹೋದಾಗ ಅಮ್ಮ, ನೀನೇನಾ, ಎಂದು ಕೇಳಿದಳು. ಕೇಳಿದ್ದು ಸತ್ತವನನ್ನು ಎಂದು ಹುಡುಗನಿಗೆ ಅರ್ಥವಾಯಿತು. ಅವನಲ್ಲ, ಬರೀ ನಾನು ಎಂದು ಉತ್ತರಿಸಿದ. ಆಮೇಲೆ ಅಣ್ಣ ಸಿಳ್ಳೆ ಹಾಕುವ ರೀತಿಯನ್ನು ಕಲಿತು, ಅವನ ಬಟ್ಟೆ ತೊಟ್ಟು, ಜೇಬಿನಲ್ಲಿ ಕೈಯಿಟ್ಟು ಅಮ್ಮನ ಮುಂದೆ ನಿಂತ. ಸತ್ತ ಹುಡುಗ ಮಾತ್ರ ಅವಳ ಮನಸ್ಸಿನಲ್ಲಿ ಹದಿಮೂರರಲ್ಲೇ ಉಳಿದ. ಇದನ್ನು ಓದಿದ ಮೇಲೆ ಬೆಳೆಯದ ಹುಡುಗ ಎಂಬ ಮಾತು ಕಿವಿಗೆ ಮುದ್ದಾಗಿ ಕೇಳುವುದಿಲ್ಲ.

ಪೀಟರ್ ಎಂಬ ಹೆಸರು ಬಂದದ್ದು ಬೇರೆ ಮನೆಯಿಂದ. 1897ರಲ್ಲಿ ಬ್ಯಾರಿ ಕೆನ್ಸಿಂಗ್ಟನ್ ಗಾರ್ಡನ್ಸ್‌ನಲ್ಲಿ ತನ್ನ ದೊಡ್ಡ ನಾಯಿಯನ್ನು ಅಡ್ಡಾಡಿಸುತ್ತಿದ್ದಾಗ ಲೆವೆಲಿನ್ ಡೇವಿಸ್ ಮನೆಯ ಹುಡುಗರು ಪರಿಚಯವಾದರು. ಜಾರ್ಜ್, ಜ್ಯಾಕ್, ತಳ್ಳುಗಾಡಿಯಲ್ಲಿ ಕೂಸು ಪೀಟರ್. ಮೈಕೆಲ್, ನಿಕೊ ಆಮೇಲೆ ಹುಟ್ಟಿದವರು. ನಿಮ್ಮ ತಮ್ಮನಿಗೆ ಹಾರಲು ಬರುತ್ತದೆ ಎಂದು ಬ್ಯಾರಿ ಅಣ್ಣಂದಿರಿಗೆ ಕತೆ ಕಟ್ಟತೊಡಗಿದ. 1901ರ ಬೇಸಿಗೆಯಲ್ಲಿ ಸರ್ರೆಯ ಕೆರೆಯೊಂದರ ಬಳಿ ಕಡಲ್ಗಳ್ಳರ ಆಟ ಆಡಿಸಿ, ಫೋಟೊ ತೆಗೆದು, ಎರಡೇ ಎರಡು ಪ್ರತಿಗಳ ಪುಸ್ತಕ ಮಾಡಿಸಿದ. ಒಂದನ್ನು ಹುಡುಗರ ಅಪ್ಪ ಆರ್ಥರ್‌ಗೆ ಕೊಟ್ಟರೆ ಅವನು ಅದನ್ನು ರೈಲಿನಲ್ಲಿ ಕಳೆದುಕೊಂಡುಬಿಟ್ಟ. ಮನೆಗೆ ಮೂರು ಹೊತ್ತೂ ಬರುವ ಈ ಲೇಖಕನ ಬಗ್ಗೆ ಆರ್ಥರ್‌ಗೆ ಅಷ್ಟೇನೂ ಒಲವಿರಲಿಲ್ಲ.

1904ರ ಡಿಸೆಂಬರ್ 27ರಂದು ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ನಾಟಕ ತೆರೆ ಕಂಡಿತು. ಪೀಟರ್ ಪಾತ್ರ ನೀನಾ ಬೂಸಿಕೊ ಎಂಬ ನಟಿಯದು. ಹುಕ್ ಮತ್ತು ಮಕ್ಕಳ ಅಪ್ಪ, ಎರಡೂ ವೇಷ ಹಾಕಿದ್ದು ಡೇವಿಸ್ ಹುಡುಗರ ಸೋದರಮಾವ ಜೆರಾಲ್ಡ್ ದು ಮೋರಿಯೆ. ಟಿಂಕರ್ ಬೆಲ್ ಸಾಯುವ ಹೊತ್ತಿಗೆ ಪ್ರೇಕ್ಷಕರು ಚಪ್ಪಾಳೆ ತಟ್ಟದೆ ಹೋದರೆ ಏನು ಗತಿ ಎಂದು ವಾದ್ಯದವರಿಗೆ ಮೊದಲೇ ಹೇಳಿಟ್ಟಿದ್ದರಂತೆ. ಬೇಕಾಗಲಿಲ್ಲ, ದೊಡ್ಡವರೇ ತಟ್ಟಿದರು.

ಸಿನಿಮಾದ ಗಣಿಯಲ್ಲಿ ಬೆವರು ಸುರಿಸಿ ಅಗೆಯುವ ಪುಡಿಯಿದೆಯಲ್ಲ, ಅದು ಮೊದಲ ನಾಟಕದಲ್ಲಿ ಇರಲೇ ಇಲ್ಲ. ನಾಟಕ ನೋಡಿದ ಮಕ್ಕಳು ಮನೆಗೆ ಹೋಗಿ ಮಂಚದಿಂದ ಹಾರಿ ಪೆಟ್ಟು ಮಾಡಿಕೊಳ್ಳುತ್ತಿದ್ದರು. ಹೆತ್ತವರು ದೂರಿದ್ದರಿಂದ, ಕಿನ್ನರಿಪುಡಿ ಬೀಳದೆ ಯಾರೂ ಹಾರಲಾರರು ಎಂಬ ಮಾತು ಸೇರಿಸಬೇಕಾಯಿತು ಎಂದು 1928ರಲ್ಲಿ ಅಚ್ಚಾದ ನಾಟಕದ ಅರ್ಪಣೆಯಲ್ಲಿ ಬ್ಯಾರಿಯೇ ಬರೆದಿದ್ದಾನೆ. ಮಕ್ಕಳ ಕೈಕಾಲು ಉಳಿಸಲು ಸೇರಿಸಿದ ಸಾಲು ನೂರು ವರ್ಷದ ಮೇಲೆ ಹಾಲಿವುಡ್ಡಿಗೆ ಖನಿಜವಾಗಿ ಸಿಕ್ಕಿತು!

1911ರ ಕಾದಂಬರಿ ‘ಪೀಟರ್ ಅಂಡ್ ವೆಂಡಿ’ಯ ಹುಡುಗ ಇನ್ನೂ ಕಠಿಣ. ಜೊತೆಯ ಹುಡುಗರು ಬೆಳೆಯುತ್ತಿರುವಂತೆ ಕಂಡರೆ ನಿಯಮ ಮೀರಿದರೆಂದು ಅವರನ್ನು ಇಲ್ಲವಾಗಿಸುತ್ತಾನೆ. ವರ್ಷದ ಮೇಲೆ ವೆಂಡಿ ಸಿಕ್ಕಾಗ ಅವನಿಗೆ ಹುಕ್ ಯಾರೆಂದು ನೆನಪಿಲ್ಲ, ಟಿಂಕರ್ ಬೆಲ್ ಕೂಡ ನೆನಪಿಲ್ಲ. ಮರೆವೇ ಅವನ ಶಕ್ತಿ, ಅವನ ಕ್ರೌರ್ಯವೂ ಅದೇ. 1912ರ ಮೇ 1ರ ಬೆಳಗ್ಗೆ ಉದ್ಯಾನಕ್ಕೆ ಬಂದ ಮಕ್ಕಳಿಗೆ, ರಾತ್ರೋರಾತ್ರಿ ಎದ್ದಂತೆ ಜಾರ್ಜ್ ಫ್ರಾಂಪ್ಟನ್ ಮಾಡಿದ ಕಂಚಿನ ಪೀಟರ್ ಕಂಡ. ದುಡ್ಡು ಕೊಟ್ಟವನು ಬ್ಯಾರಿ. ಆದರೂ, ಪೀಟರನೊಳಗಿನ ಪಿಶಾಚಿ ಇದರಲ್ಲಿ ಬಂದಿಲ್ಲ ಎಂದು ಗೊಣಗಿದ. ರೈಟ್‌ನ ಸಿನಿಮಾ ನೋಡಿದ್ದರೂ ಅದನ್ನೇ ಅನ್ನುತ್ತಿದ್ದನೇನೋ. ತಾಯಿ ಮರೆತಳು ಎಂಬ ಭಯವನ್ನು ಮಕ್ಕಳು ತಾಳಲಾರರು ಎಂದು ನಿರ್ಮಾಪಕರು ಎಣಿಸಿರಬೇಕು. ಕುವೆಂಪು ಅವರ ‘ಕಿಂದರಿಜೋಗಿ’ ಕೇಳಿ ಬೆಳೆದ ನಮಗೆ ಗೊತ್ತು: ಬೆಟ್ಟದೊಳಗೆ ಹೋದ ಮಕ್ಕಳನ್ನು ನೆನೆದು ಮೈ ಜುಮ್ಮೆಂದರೂ, ಇನ್ನೊಮ್ಮೆ ಓದು ಎಂದು ಕೇಳಿದವರು ನಾವೇ.

1929ರಲ್ಲಿ ಬ್ಯಾರಿ ಪೀಟರ್ ಪ್ಯಾನ್‌ನ ಹಕ್ಕುಗಳನ್ನು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಕೊಟ್ಟ. ಅವನು 1937ರಲ್ಲಿ ತೀರಿಕೊಂಡ. ಐವತ್ತು ವರ್ಷಕ್ಕೆ ಹಕ್ಕು ಮುಗಿಯಿತು. 1988ರಲ್ಲಿ ಬ್ರಿಟನ್ನಿನ ಸಂಸತ್ತು ಕಾಯಿದೆಯಲ್ಲೇ ಹೆಸರಿಸಿ, ಅಲ್ಲಿ ಈ ನಾಟಕದಿಂದ ಬರುವ ರಾಯಲ್ಟಿ ಆ ಆಸ್ಪತ್ರೆಗೆ ಕಾಲಮಿತಿಯಿಲ್ಲದೆ ಸಲ್ಲಬೇಕೆಂದಿತು.

ಡೇವಿಸ್ ಹುಡುಗರು ಮಾತ್ರ ನಿಜವಾಗಿಯೇ ಅನಾಥರಾದರು. ಆರ್ಥರ್ 1907ರಲ್ಲಿ, ತಾಯಿ ಸಿಲ್ವಿಯಾ 1910ರಲ್ಲಿ, ಇಬ್ಬರೂ ಕ್ಯಾನ್ಸರಿಗೆ ಬಲಿಯಾದರು. ಆಗ ಪೀಟರ್‌ಗೆ ಹದಿಮೂರು, ನಿಕೊಗೆ ಆರು. ಬ್ಯಾರಿ ಅವರನ್ನು ಸಾಕಿದ. ಜಾರ್ಜ್ 1915ರಲ್ಲಿ ಫ್ಲ್ಯಾಂಡರ್ಸಿನ ಕಂದಕದಲ್ಲಿ ಗುಂಡಿಗೆ ಸತ್ತ. ಮೈಕೆಲ್ 1921ರಲ್ಲಿ ಆಕ್ಸ್‌ಫರ್ಡ್ ಬಳಿ ಗೆಳೆಯನೊಬ್ಬನ ಜೊತೆ ನೀರಿನಲ್ಲಿ ಮುಳುಗಿದ. ಇಪ್ಪತ್ತೊಂದು ತುಂಬಲು ತಿಂಗಳು ಉಳಿದಿತ್ತು.

ಯುದ್ಧದಿಂದ ಬದುಕಿ ಬಂದ ಪೀಟರ್ ಪುಸ್ತಕ ಪ್ರಕಾಶಕನಾದ. ತನ್ನ ಹೆಸರಿಗೆ ಅಂಟಿಕೊಂಡ ಆ ಹುಡುಗನೆಂದರೆ ಅವನಿಗೆ ಆಗುತ್ತಿರಲಿಲ್ಲ. ಕಡೆಯ ವರ್ಷಗಳಲ್ಲಿ ಮನೆತನದ ಕಾಗದಪತ್ರಗಳನ್ನು ಜೋಡಿಸತೊಡಗಿದ. ಆ ಕಟ್ಟಿಗೆ ಅವನಿಟ್ಟ ಹೆಸರು ಶವಾಗಾರ. ಬ್ಯಾರಿ ಮತ್ತು ಮೈಕೆಲ್ ಒಬ್ಬರಿಗೊಬ್ಬರು ಬರೆದ ಪತ್ರಗಳಲ್ಲಿ ಹೆಚ್ಚಿನವನ್ನು ಸುಟ್ಟುಹಾಕಿದ. 1960ರ ಏಪ್ರಿಲ್‌ನಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ, ಲಂಡನ್ನಿನ ಸ್ಲೋನ್ ಸ್ಕ್ವೇರ್ ಸ್ಟೇಷನ್ನಿನಲ್ಲಿ ರೈಲಿನಡಿ ಜೀವ ಕಳೆದುಕೊಂಡ. ಮರುದಿನದ ಪತ್ರಿಕೆಗಳು ಅವನನ್ನು ಕರೆದದ್ದು ಪೀಟರ್ ಪ್ಯಾನ್ ಎಂದೇ.