ಮಾಂಸದಲ್ಲಿ ರೋಗಾಣು ಪತ್ತೆ: 'ಎರಡು ಗಂಟೆಯ' ಪರೀಕ್ಷೆಗೂ ಒಂದು ದಿನ ಯಾಕೆ ಬೇಕು?

ಬಣ್ಣ, ವಾಸನೆ ನೋಡಿದರೆ ಸಾಕು, ಮಾಂಸದಲ್ಲಿ ರೋಗಾಣು ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ನಿಜವಲ್ಲ. ಮಾಂಸವನ್ನು ಕೆಡಿಸಿ ವಾಸನೆ ಬರಿಸುವ ಬ್ಯಾಕ್ಟೀರಿಯಾಗಳೇ ಬೇರೆ, ನಮ್ಮನ್ನು ಕಾಯಿಲೆ ಬೀಳಿಸುವ ಸಾಲ್ಮೊನೆಲ್ಲಾ, ಇ. ಕೋಲಿ ಒ157 ತರಹದವು ಬೇರೆ. ಇವು ಇದ್ದರೂ ಮಾಂಸ ತಾಜಾ ಆಗಿಯೇ ಕಾಣಬಹುದು.

ಲ್ಯಾಬಿನ ಹಳೆಯ ವಿಧಾನವೆಂದರೆ ಬೆಳೆಸಿ ನೋಡುವುದು. ಸಾಲ್ಮೊನೆಲ್ಲಾ ಹುಡುಕಲು 25 ಗ್ರಾಂ ಮಾಂಸವನ್ನು 225 ಮಿ.ಲೀ. ಪೋಷಕ ದ್ರವದಲ್ಲಿ ಹಾಕಿ ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ನಂತರ ಬೇರೆ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವ ಇನ್ನೊಂದು ದ್ರವ, ಆಮೇಲೆ ಪೆಟ್ರಿ ತಟ್ಟೆ, ಕೊನೆಗೆ ಖಚಿತಪಡಿಸುವ ಪರೀಕ್ಷೆ. ನಾಲ್ಕೈದು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಮಾಂಸ ಯಾರದೋ ತಟ್ಟೆ ಸೇರಿರುತ್ತದೆ!

ಈ ವಿಳಂಬ ಎಷ್ಟು ದುಬಾರಿ ಎನ್ನುವುದಕ್ಕೆ ಅಮೆರಿಕದ 1993ರ ಘಟನೆ ನೋಡಿ. ಜ್ಯಾಕ್ ಇನ್ ದ ಬಾಕ್ಸ್ ಹೋಟೆಲುಗಳ ಸರಿಯಾಗಿ ಬೇಯದ ಹ್ಯಾಂಬರ್ಗರ್‌ಗಳಿಂದ ಹರಡಿದ ಒ157 ಸೋಂಕು 700ಕ್ಕೂ ಹೆಚ್ಚು ಜನರನ್ನು ಕಾಡಿತು. ನಾಲ್ವರು ಮಕ್ಕಳು ತೀರಿಕೊಂಡರು. 1994ರಲ್ಲಿ ಅಲ್ಲಿನ ಸರ್ಕಾರ, ಕೊಚ್ಚಿದ ಹಸಿ ದನದ ಮಾಂಸದಲ್ಲಿ ಈ ರೋಗಾಣು ಇದ್ದರೆ ಅದನ್ನು ಕಲಬೆರಕೆ ಎಂದೇ ಪರಿಗಣಿಸುವುದಾಗಿ ಘೋಷಿಸಿತು. ಬೇಗ ಫಲಿತಾಂಶ ಕೊಡುವ ಪರೀಕ್ಷೆ ಅನಿವಾರ್ಯವಾಯಿತು.

ಅಂಥವುಗಳಲ್ಲಿ ಮುಖ್ಯವಾದದ್ದು ಪಿಸಿಆರ್. ಹೌದು, ಕೋವಿಡ್ ಕಾಲದಲ್ಲಿ ಕೇಳಿದ ಅದೇ ಹೆಸರು. ರೋಗಾಣುವಿನ ಡಿಎನ್‌ಎಯ ಒಂದು ತುಣುಕನ್ನು ಪ್ರತಿ ಸುತ್ತಿನಲ್ಲೂ ಇಮ್ಮಡಿ ಮಾಡುತ್ತಾ ಹೋದರೆ, 30 ಸುತ್ತಿಗೆ ಒಂದು ತುಣುಕು ಸುಮಾರು 100 ಕೋಟಿ ಆಗುತ್ತದೆ. ಇದಕ್ಕೆ ಒಂದೆರಡು ಗಂಟೆ ಸಾಕು.

ಆದರೆ ಜಾಹೀರಾತು ಹೇಳದ ಮಾತೊಂದಿದೆ. 25 ಗ್ರಾಂ ಮಾಂಸದಲ್ಲಿ ಒಂದೇ ಒಂದು ರೋಗಾಣು ಇರಬಹುದು. ಪಿಸಿಆರ್‌ಗೆ ಹಾಕುವುದು ಒಂದು ಹನಿಗಿಂತ ಕಡಿಮೆ. ಆ ಹನಿಯಲ್ಲೇ ಅದು ಸಿಗಬೇಕಲ್ಲ? ಹಾಗಾಗಿ ಇಲ್ಲೂ ಮೊದಲು ಬೆಳೆಸಲೇಬೇಕು. ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುವ ಬ್ಯಾಕ್ಟೀರಿಯಾ ಏಳು ಗಂಟೆಯಲ್ಲಿ ಒಂದರಿಂದ 20 ಲಕ್ಷ ದಾಟುತ್ತದೆ. ಆದರೆ ತಣ್ಣಗಿದ್ದ ಮಾಂಸದಲ್ಲಿ ಅದು ಚೇತರಿಸಿಕೊಳ್ಳಲೂ ಹೊತ್ತು ಬೇಕು. ಆದ್ದರಿಂದ 'ಎರಡು ಗಂಟೆ'ಯ ಹಿಂದೆ 8ರಿಂದ 24 ಗಂಟೆಗಳ ಕಾಯುವಿಕೆ ಇದ್ದೇ ಇರುತ್ತದೆ.

ಇನ್ನೊಂದು ತೊಡಕು: ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಪಿಸಿಆರ್ ಗುರುತಿಸಬಲ್ಲದು. ಆದ್ದರಿಂದ ಪಾಸಿಟಿವ್ ಬಂದರೆ ಹಳೆಯ ವಿಧಾನದಲ್ಲಿ ಬೆಳೆಸಿ ಖಚಿತಪಡಿಸಿಕೊಳ್ಳುತ್ತಾರೆ. ಗರ್ಭಧಾರಣೆ ಪರೀಕ್ಷೆಯ ಪಟ್ಟಿಯಂತಹ ಸ್ಟ್ರಿಪ್‌ಗಳೂ ಇವೆ. ಗೆರೆ ಮೂಡಲು ಅವಕ್ಕೆ ಪಿಸಿಆರ್‌ಗಿಂತಲೂ ಹೆಚ್ಚು ರೋಗಾಣುಗಳು ಬೇಕು. ಅಂಗಡಿಯಿಂದ ತಂದ ಮಾಂಸಕ್ಕೆ ನೇರವಾಗಿ ಅದ್ದಿ ಗೆರೆ ಬರಲಿಲ್ಲವೆಂದರೆ ಏನೂ ಸಾಬೀತಾಗುವುದಿಲ್ಲ.

ಅಡುಗೆಮನೆಯಲ್ಲಿ ಪರೀಕ್ಷೆಗಿಂತ ಒಲೆಯೇ ಮೇಲು: ಮಾಂಸದ ಒಳಭಾಗ 75 ಡಿಗ್ರಿ ಮುಟ್ಟಿದರೆ ಈ ಎರಡೂ ರೋಗಾಣುಗಳು ಸಾಯುತ್ತವೆ. ಹಸಿ ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ತೊಳೆದರೆ ಮಾತ್ರ ಅವು ಸಿಂಕಿಗೂ ಪಕ್ಕದಲ್ಲಿಟ್ಟ ಸೌತೆಕಾಯಿಗೂ ಸಿಡಿಯುತ್ತವೆ.