ಆಕಾಶದಲ್ಲೊಂದು ರಂಧ್ರ

ಕನ್ನಡ ಪಾಠ ಹೇಳುವ ನನಗೆ ದೂಳಿನ ವಿಷಯದಲ್ಲಿದ್ದ ಚಿಂತೆ, ಅದನ್ನು ಅಲ್ಪಪ್ರಾಣದಿಂದ ಬರೆಯಬೇಕೋ ಮಹಾಪ್ರಾಣದಿಂದಲೋ ಎಂಬುದೊಂದೇ ಆಗಿತ್ತು. ಖಗೋಳಶಾಸ್ತ್ರದ ಚರಿತ್ರೆಯನ್ನು ಓದತೊಡಗಿದ ಮೇಲೆ ಅದಕ್ಕಿಂತ ದೊಡ್ಡ ಚಿಂತೆಗಳೂ ಉಂಟೆಂದು ತಿಳಿಯಿತು.

ವಿಲಿಯಂ ಹರ್ಷೆಲ್ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜರ್ಮನ್ ಸಂಗೀತಗಾರ. ದೂರದರ್ಶಕದ ಕನ್ನಡಿಗಳನ್ನು ತಾನೇ ಉಜ್ಜಿ ತಯಾರಿಸಿಕೊಂಡು ಆಕಾಶವನ್ನು ಜಾಲಾಡಿದವನು. ಕ್ಷೀರಪಥದ ನಡುವೆ ಅಲ್ಲಲ್ಲಿ ಕಾಣುವ ಕಪ್ಪು ತಾಣಗಳನ್ನು ಆತನು ನಕ್ಷತ್ರಗಳಿಲ್ಲದ ರಂಧ್ರಗಳೆಂದೇ ಬಗೆದನು. ಅವು ರಂಧ್ರಗಳಲ್ಲ, ಹಿಂದಿನ ಬೆಳಕನ್ನು ಮರೆಮಾಡಿದ ದೂಳಿನ ಮೋಡಗಳು. ಇದೇ ಹರ್ಷೆಲ್ ೧೮೦೦ರಲ್ಲಿ ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಕೆಂಪಿನಾಚೆ ಕಣ್ಣಿಗೆ ಏನೂ ಕಾಣದ ಕಡೆ ಉಷ್ಣಮಾಪಕವನ್ನಿಟ್ಟನು. ಕಾವು ಏರಿತು! ಅವಕೆಂಪು ಕಿರಣ ಪತ್ತೆಯಾದದ್ದು ಹೀಗೆ. ದೂಳು ಬೆಳಕನ್ನು ಹೀರಿ, ಬೆಚ್ಚಗಾಗಿ, ಈ ಕಿರಣವನ್ನೇ ಹೊರಸೂಸುತ್ತದೆ. ರಂಧ್ರವೆಂದು ಬಗೆದದ್ದನ್ನು ತೋರಿಸಬಲ್ಲ ಕಿರಣ ಆತನ ಕೈಯಲ್ಲೇ ಇತ್ತು. ಎರಡನ್ನೂ ಕೂಡಿಸುವ ಯೋಗ ಬರಲಿಲ್ಲ.

ನಕ್ಷತ್ರಗಳ ನಡುವೆ ದೂಳು ಹರಡಿರುವುದಕ್ಕೆ ೧೯೩೦ರಲ್ಲಿ ಟ್ರಂಪ್ಲರ್ ಪುರಾವೆ ಒದಗಿಸಿದನು. ನಕ್ಷತ್ರದಂತೆ ತೋರುವ ಕ್ವೇಸಾರುಗಳು ನಮ್ಮ ಕ್ಷೀರಪಥದಿಂದ ಬಹುದೂರದವೆಂದು ೧೯೬೩ರಲ್ಲಿ ಮಾರ್ಟೆನ್ ಶ್ಮಿಟ್ ತೋರಿಸಿದನು. ಗೆಲಾಕ್ಸಿಯ ಗರ್ಭದಲ್ಲಿರುವ ದೈತ್ಯ ಕಪ್ಪುಕುಳಿಯೊಂದು ಅನಿಲವನ್ನು ನುಂಗುವಾಗ ಹೊಮ್ಮುವ ಬೆಳಕು ಅದೆಂಬುದು ಆಮೇಲೆ ಸ್ಪಷ್ಟವಾಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ೨೦೦೩ರ ಸಂಗತಿ. ಸ್ಪೇನಿನ ಸಿಯೆರಾ ನೆವಾಡಾ ಬೆಟ್ಟದ ೩೦ ಮೀಟರ್ ದೂರದರ್ಶಕವು ಜೆ೧೧೪೮+೫೨೫೧ ಎಂಬ ಕ್ವೇಸಾರಿನ ಗೆಲಾಕ್ಸಿಯಿಂದ ದೂಳಿನ ಕಾವನ್ನು ಹಿಡಿಯಿತು. ಅವಕೆಂಪು ಕಿರಣವಾಗಿ ಹೊರಟದ್ದು, ವಿಶ್ವ ಹಿಗ್ಗಿದಂತೆ ತಾನೂ ಏಳು ಪಟ್ಟಿಗೆ ಮಿಕ್ಕಿ ಹಿಗ್ಗಿ, ೧.೨ ಮಿಲಿಮೀಟರ್ ಉದ್ದದ ಅಲೆಯಾಗಿ ನಮ್ಮನ್ನು ಮುಟ್ಟಿತ್ತು. ದೂಳಿನ ಮೊತ್ತ ಸೂರ್ಯನ ತೂಕದ ಹತ್ತಾರು ಕೋಟಿ ಪಟ್ಟು. ಆ ಕಿರಣ ಹೊರಟಾಗ ವಿಶ್ವಕ್ಕೆ ೯೦ ಕೋಟಿ ವರ್ಷವೂ ತುಂಬಿರಲಿಲ್ಲ. ಇಂದು ಅದರ ವಯಸ್ಸು ಸುಮಾರು ೧೩೮೦ ಕೋಟಿ.

ತೊಡಕಿರುವುದು ಇಲ್ಲಿಯೇ. ಇಂಗಾಲ, ಸಿಲಿಕಾನ್ ಮೊದಲಾದ ದೂಳಿನ ಸರಕು ನಕ್ಷತ್ರದ ಒಡಲಲ್ಲಿ ಬೆಂದು ಬರಬೇಕು. ಮುಪ್ಪಿಗೆ ಸಂದ ನಕ್ಷತ್ರಗಳು ಹೊರಚೆಲ್ಲುವ ಮಸಿಯು ಕ್ಷೀರಪಥದ ದೂಳಿನ ಮುಖ್ಯ ಮೂಲಗಳಲ್ಲೊಂದು; ಸೂರ್ಯನಂಥದು ಆ ಮುಪ್ಪಿಗೆ ಬರಲು ಸುಮಾರು ೧೦೦೦ ಕೋಟಿ ವರ್ಷ ಬೇಕು. ಮುದುಕರೇ ಇಲ್ಲದ ಮನೆಯಲ್ಲಿ ಇಷ್ಟೊಂದು ನಶ್ಯದ ಪುಡಿ ಎಲ್ಲಿಂದ ಬಂತು?

ಅಲ್ಪಾಯುಷಿಗಳಾಗಿ ಸಿಡಿದು ಸಾಯುವ ಭಾರಿ ನಕ್ಷತ್ರಗಳಿಂದ ಎನ್ನುವವರುಂಟು. ೧೯೮೭ರಲ್ಲಿ ಕಾಣಿಸಿಕೊಂಡ ಸೂಪರ್ನೋವಾದಲ್ಲಿ ಸೂರ್ಯನ ತೂಕದ ಅರ್ಧದಷ್ಟು ದೂಳಿರುವುದನ್ನು ೨೦೧೧ರಲ್ಲಿ ವರದಿ ಮಾಡಿದರು; ಅದನ್ನು ಕಂಡ ಬಾಹ್ಯಾಕಾಶ ದೂರದರ್ಶಕದ ಹೆಸರು ಹರ್ಷೆಲ್! ಆದರೆ ಸಿಡಿತದ ಆಘಾತ ಆ ದೂಳಿನಲ್ಲಿ ಎಷ್ಟನ್ನು ಉಳಿಸೀತು? ಕಣಗಳು ತಣ್ಣನೆಯ ಅನಿಲದ ಮೋಡಗಳಲ್ಲೇ ಬೆಳೆದವೆಂಬುದು ಇನ್ನೊಂದು ವಾದ. ಸಿಡಿತದಿಂದ ಬೀಜ, ಮೋಡದಲ್ಲಿ ಬೆಳೆ ಎಂದರೆ ನನಗಂತೂ ಒಪ್ಪಿಗೆ. ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ.

ಇದರ ನಡುವೆ ೨೦೧೦ರಲ್ಲಿ ಮತ್ತೊಂದು ಸುದ್ದಿ. ಸ್ಪಿಟ್ಜರ್ ಎಂಬ ಅವಕೆಂಪು ದೂರದರ್ಶಕವು ಹೆಚ್ಚುಕಡಮೆ ಅದೇ ಕಾಲದ ಎರಡು ಕ್ವೇಸಾರುಗಳನ್ನು ನೋಡಿದಾಗ, ಕಪ್ಪುಕುಳಿಯ ಬಳಿ ಇರಬೇಕಾದ ಬಿಸಿ ದೂಳು ಕಾಣಲೇ ಇಲ್ಲ.